ಪಿಂಛಿ ಹಿಡಿದ ಕೈಯಲ್ಲಿ ರಾಜ್ಯಭಾರ

ಬೆಳಗಾವಿ ಕೋಟೆಯೊಳಗಿನ ಕಮಲ ಬಸದಿಗೆ ಹೋದವರು ತಲೆಯೆತ್ತಿ ಛತ್ತಿನ ಕಮಲ ನೋಡುತ್ತಾರೆ. ಅದರ 72 ದಳಗಳಲ್ಲಿರುವ ತೀರ್ಥಂಕರರನ್ನು ಎಣಿಸಹೋಗಿ ಕುತ್ತಿಗೆ ನೋಯಿಸಿಕೊಂಡು ಹೊರಬರುತ್ತಾರೆ. 1204ರ ಸುಮಾರಿಗೆ ಇದನ್ನು ಕಟ್ಟಿಸಿದ ಬೀಚಿರಾಜ, ರಟ್ಟರ ದೊರೆ ನಾಲ್ಕನೆಯ ಕಾರ್ತವೀರ್ಯನ ಮಂತ್ರಿ. ಮಂತ್ರಿಯ ಹೆಸರು ಉಳಿಯಿತು. ಅದೇ ಮನೆತನದ ರಾಜಗುರು ಮುನಿಚಂದ್ರನನ್ನು ಮಾತ್ರ ಊರು ಮರೆತೇಬಿಟ್ಟಿತು.

ಆಗ ವೇಣುಗ್ರಾಮವೆನಿಸಿದ್ದ ಬೆಳಗಾವಿ ರಟ್ಟರಿಗೆ ಹೊಸದು. ಅವರ ಮೂಲನೆಲೆ ಸವದತ್ತಿ. ಬೆಳಗಾವಿಯೂ ಖಾನಾಪುರ ಸೀಮೆಯ ಹಲಸಿಯೂ ಅದಕ್ಕೆ ಮೊದಲು ಗೋವೆಯ ಕದಂಬರವು. 1169ರಲ್ಲಿ ಹಲಸಿಯ ನರಸಿಂಹ ದೇವರಿಗೆ ದತ್ತಿ ಬಿಟ್ಟ ಶಿವಚಿತ್ತ ಪೆರ್ಮಾಡಿ ಅದೇ ವಂಶದವನು. ಅಂಥವರಿಂದ ಗೆದ್ದ ನೆಲವನ್ನು ಉಳಿಸಿಕೊಳ್ಳುವುದೆಂದರೆ ಹುಡುಗಾಟವೆ?

ಜೈನ ಮುನಿಗಳಿಗೆ ಅರಸರ ಮನ್ನಣೆ ಈ ಸೀಮೆಗೆ ಹೊಸತಲ್ಲ. ಬನವಾಸಿ ಕದಂಬರ ಮೃಗೇಶವರ್ಮ ತನ್ನ ತಂದೆಯ ನೆನಪಿಗೆ ಇದೇ ಹಲಸಿಯಲ್ಲಿ, ಅಂದಿನ ಪಲಾಶಿಕೆಯಲ್ಲಿ, ಜಿನಾಲಯ ಕಟ್ಟಿಸಿದ್ದ. ಅಲ್ಲಿ ಅರಸು ಕೊಟ್ಟ, ಮುನಿಗಳು ಪಡೆದರು. ಮುನಿಚಂದ್ರನ ಕಾಲಕ್ಕೆ ಅದು ತಿರುಗುಮುರುಗಾಯಿತು. ಸವದತ್ತಿಯ 1228ರ ಶಾಸನ ಅವನನ್ನು ರಟ್ಟರಾಜ್ಯವನ್ನು ನೆಲೆಗೊಳಿಸಿದ ಆಚಾರ್ಯನೆಂದು ಹೊಗಳುತ್ತದೆ. ಶಾಸ್ತ್ರದಲ್ಲಿ ಪಂಡಿತ, ರಾಜಕಾರಣದಲ್ಲಿ ನಿಪುಣ, ಶಸ್ತ್ರದಲ್ಲೂ ಸಮರ್ಥ! ಇರುವೆಗೆ ನೋವಾದೀತೆಂದು ಪಿಂಛಿಯಿಂದ ನೆಲ ಸವರಿ ಕೂರುವವರ ಪರಂಪರೆಯಲ್ಲಿ ಇದು ಸಣ್ಣ ಮಾತಲ್ಲ.

ದೂರದ ಜರ್ಮನಿಯಲ್ಲೂ ಇಂಥವನೊಬ್ಬನಿದ್ದ. ಚಕ್ರವರ್ತಿ ಒಂದನೆಯ ಆಟೋನ ತಮ್ಮ ಬ್ರೂನೋ, ಮಹಾ ವಿದ್ವಾಂಸ. 953ರಲ್ಲಿ ಕೊಲೋನ್ ನಗರದ ಆರ್ಚ್‌ಬಿಷಪ್ ಆದ. ದಂಗೆಯೆದ್ದ ಲೋರೇನ್ ಪ್ರಾಂತದ ಆಡಳಿತವನ್ನೂ ಅಣ್ಣ ಅವನ ತಲೆಗೇ ಕಟ್ಟಿದ. ಅದು ಸರಿಯೆ ಎಂದು ಅಲ್ಲಿ ಕೆಲವರು ಗೊಣಗಿದರು; ಬ್ರೂನೋನ ಚರಿತ್ರೆ ಬರೆದ ರುವೋಟ್ಗರ್ ತನ್ನ ನಾಯಕನ ಪರ ವಾದಿಸಬೇಕಾಯಿತು. ನಮ್ಮ ಶಾಸನಕವಿಗೆ ಆ ತೊಂದರೆಯೇ ಇಲ್ಲ. ಅವನು ಹೊಗಳಿ ಮುಂದೆ ಸಾಗುತ್ತಾನೆ. ಓದುವವನಿಗೇ ಕಸಿವಿಸಿ.

ಆದರೆ ಆ ಕಲ್ಲು ನಿಂತದ್ದು ಯುದ್ಧದ ಜಯಕ್ಕಲ್ಲ. ಕೇಶಿರಾಜನೆಂಬವನು ಸವದತ್ತಿಯಲ್ಲಿ ಕಟ್ಟಿಸಿದ ಮಲ್ಲಿಕಾರ್ಜುನನ ಗುಡಿಯ ದತ್ತಿಗೆ. ದೊರೆ ಎರಡನೆಯ ಲಕ್ಷ್ಮೀದೇವ ಅದನ್ನು ಬಿಟ್ಟದ್ದು ಮುನಿಚಂದ್ರನ ಆಣತಿಯಂತೆ. ಜೈನ ಗುರು ಹೇಳುತ್ತಾನೆ, ಶಿವನ ನಂದಾದೀಪಕ್ಕೆ ಭೂಮಿ ಸಲ್ಲುತ್ತದೆ. ಕತ್ತಿಯ ಮಾತಿಗಿಂತ ಅವನ ರಾಜ್ಯ ನೆಲೆಗೊಳಿಸುವ ಬಗೆ ಇಲ್ಲಿಯೇ ಹೆಚ್ಚು ಕಾಣುವುದು.

ಹತ್ತೇ ವರ್ಷ. 1238ರ ಹೊತ್ತಿಗೆ ಸೇವುಣ ಸಿಂಘಣನ ದಂಡನಾಯಕ ಬೀಚಣ ರಟ್ಟರನ್ನು ಅಡಗಿಸಿಯಾಗಿತ್ತು. ಕಮಲ ಬಸದಿಯ ದತ್ತಿಯನ್ನು ಕೊರೆದ ಕಲ್ಲುಗಳು ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿವೆ.