ಒತ್ತು, ಹಿಡಿ, ಬಿಡು

ಅಮೆರಿಕಕ್ಕೆ ಹೋಗಿ ಬಂದವರನ್ನು ನಮ್ಮೂರಿನಲ್ಲಿ ಎಲ್ಲರೂ ಕೇಳುವ ಮೊದಲ ಪ್ರಶ್ನೆ, ‘ನಯಾಗರ ನೋಡಿದಿರಾ?’ ಎಂದು. 2023ರ ಬೇಸಿಗೆ ರಜೆಯಲ್ಲಿ ಮಿಷಿಗನ್‌ನಲ್ಲಿರುವ ಮಗಳ ಮನೆಗೆ ಹೋಗಿ ಬಂದ ನನ್ನನ್ನೂ ಸ್ಟಾಫ್ ರೂಮಿನಲ್ಲಿ ಕೇಳಿದರು. ‘ನೋಡಿದೆ’ ಎಂದೆ. ಆದರೆ ಅಲ್ಲಿದ್ದ ಆರು ವಾರಗಳಲ್ಲಿ ನಾನು ಹೆಚ್ಚು ಹೊತ್ತು ನೋಡಿದ್ದು ಜಲಪಾತವನ್ನಲ್ಲ, ಒಂದು ಹಳೇ ಕಾರಿನಡಿಯಿಂದ ಹೊರಗೆ ಚಾಚಿಕೊಂಡಿದ್ದ ಮಗಳ ಎರಡು ಪಾದಗಳನ್ನು. ಅದನ್ನು ಮಾತ್ರ ಯಾರಿಗೂ ಹೇಳಲಿಲ್ಲ.

ಕಾರು 1972ನೇ ಇಸವಿಯ ಶೆವರ್ಲೆ ಕಾರ್ವೆಟ್. ನನಗಿಂತ ನಾಲ್ಕೇ ವರ್ಷ ಚಿಕ್ಕದು. ಊರಿನಲ್ಲಿ ‘ಮಗಳು ಅಮೆರಿಕದಲ್ಲಿ ಕಾರು ತಗೊಂಡಿದ್ದಾಳೆ’ ಎಂದು ಹೇಳಿಕೊಂಡು ತಿರುಗಿದ್ದ ನನಗೆ, ಗ್ಯಾರೇಜಿನಲ್ಲಿ ಅದರ ಹೊದಿಕೆ ಸರಿಸಿದಾಗ ಮಾತೇ ಹೊರಡಲಿಲ್ಲ. ಇಬ್ಬರು ಮಾತ್ರ ಕೂರಬಹುದು. ಉದ್ದನೆಯ ಮೂತಿ, ಅದರ ಕೆಳಗೆ ದೊಡ್ಡ ಎಂಜಿನ್. ತರಕಾರಿ ಚೀಲ ಇಡಲು ಡಿಕ್ಕಿಯ ಬಾಗಿಲೂ ಇಲ್ಲ.

ನಾನು ಸಮಾಜ ಪಾಠ ಮಾಡುವವಳು. ‘ಹೊಂದಿಸಿ ಬರೆಯಿರಿ’ಯಲ್ಲಿ ಡೆಟ್ರಾಯಿಟ್ ಎದುರಿಗೆ ಮೋಟಾರು ವಾಹನ ಎಂದು ಬರೆಸಿದ್ದು ಎಷ್ಟು ಸಲವೋ! ಮಗಳು ನನಗೇ ಪಾಠ ಮಾಡಿದಳು. ಡೆಟ್ರಾಯಿಟ್‌ನಿಂದ ಸುಮಾರು 110 ಕಿಲೋಮೀಟರ್ ದೂರದ ಫ್ಲಿಂಟ್ ಎಂಬ ಊರಿನಲ್ಲಿ 1953ರಲ್ಲಿ ಮೊದಲ ಮುನ್ನೂರು ಕಾರ್ವೆಟ್ ತಯಾರಾದವಂತೆ, ಎಲ್ಲವೂ ಬಿಳಿ ಬಣ್ಣದವು. ಮೈಯೆಲ್ಲ ಫೈಬರ್ ಗ್ಲಾಸ್, ಆದ್ದರಿಂದ ತುಕ್ಕು ಹಿಡಿಯುವುದಿಲ್ಲ. ‘ಆದರೆ ಒಳಗಿನ ಚಾಸಿ ಉಕ್ಕಿನದು ಅಮ್ಮ. ಚಳಿಗಾಲದಲ್ಲಿ ಹಿಮ ಕರಗಲಿ ಅಂತ ರಸ್ತೆಗೆ ಉಪ್ಪು ಹಾಕ್ತಾರಲ್ಲ, ಅದು ಅದನ್ನು ತಿಂದುಬಿಡುತ್ತೆ.’ ಹಾಗಾಗಿ ಕಾರ್ವೆಟ್ ರಾಣಿಯವರು ಬೇಸಿಗೆಯಲ್ಲಿ ಮಾತ್ರ ಹೊರಗೆ ಕಾಲಿಡುವುದು.

ಈ ರಾಣಿಗೆ ರೆಪ್ಪೆ ಮುಚ್ಚಿ ತೆರೆಯುವ ದೀಪಗಳು. ಸ್ವಿಚ್ ಎಳೆದರೆ ಎಂಜಿನ್ನಿನ ಗಾಳಿ ಎಳೆಯುವ ಶಕ್ತಿಯಿಂದ ಅವು ಮೇಲೇಳಬೇಕು. ರಬ್ಬರ್ ನಳಿಗೆಗಳು ಹಳತಾಗಿ ಬಿರುಕು ಬಿಟ್ಟದ್ದರಿಂದ ಒಂದು ದೀಪ ಎದ್ದು ಇನ್ನೊಂದು ಮಲಗಿರುತ್ತಿತ್ತಂತೆ. ನಡುರಸ್ತೆಯಲ್ಲಿ ಕಣ್ಣು ಹೊಡೆಯುವ ಕಾರು! ಮಗಳು ಮೊದಲು ಸರಿಮಾಡಿದ್ದು ಆ ನಳಿಗೆಗಳನ್ನು. ಆಮೇಲೆ ಎಂಜಿನ್ನಿಗೆ ಕಿಡಿ ಕೊಡುವ ಭಾಗ. ಹಿಂದೆ ಅದರಲ್ಲಿ ಸವೆಯುವ ಪಾಯಿಂಟುಗಳಿದ್ದವು, ಆಗಾಗ ಉಜ್ಜಿ ಅಂತರ ಸರಿಮಾಡಬೇಕಿತ್ತು. ಈಗ ಅದರೊಳಗೆ ಎಲೆಕ್ಟ್ರಾನಿಕ್ ಸಾಧನ ಕೂರಿಸಿದ್ದಾಳೆ. ಮೇಲಿನ ಮುಚ್ಚಳ ಮಾತ್ರ ಹಳೆಯದೇ. ತೆಗೆದ ಸಾಮಾನುಗಳನ್ನೆಲ್ಲ, ನಾನು ಚಟ್ನಿಪುಡಿ ಕಳಿಸಿದ್ದ ಡಬ್ಬಿಗಳಲ್ಲಿ ಚೀಟಿ ಅಂಟಿಸಿ ಇಟ್ಟಿದ್ದಾಳೆ. ಹಾರ್ನಿನ ದನಿ ಕೂಡ ಬದಲಾಗಬಾರದಂತೆ.

ಈ ಶ್ರದ್ಧೆ ನನಗೆ ಹೊಸದಲ್ಲ. ಒಂಬತ್ತನೇ ವಯಸ್ಸಿಗೇ ಕುಕ್ಕರಿನ ಸೀಟಿ, ಮಿಕ್ಸಿ, ನಮ್ಮವರ ಟ್ರಾನ್ಸಿಸ್ಟರ್ ಎಲ್ಲವನ್ನೂ ಬಿಚ್ಚಿ ಹಳೇ ಪೇಪರಿನ ಮೇಲೆ ಸಾಲಾಗಿ ಜೋಡಿಸಿದವಳು ಅವಳು. 2009ರಲ್ಲಿ ಎಂಜಿನಿಯರಿಂಗ್ ಸೀಟು ಆರಿಸುವ ದಿನ ‘ಮೆಕ್ಯಾನಿಕಲ್’ ಎಂದಳು. ‘ಹೆಣ್ಣುಮಗಳು ಗ್ರೀಸು ಮೆತ್ತಿಕೊಂಡು ನಿಲ್ಲೋದಾ? ನಾಳೆ ಯಾರು ಕೇಳ್ತಾರೆ?’ ಎಂದೆ. ನಮ್ಮವರು ನನ್ನ ಮುಖ ನೋಡಿ ಸುಮ್ಮನಾದರು. ಅವಳು ಕಂಪ್ಯೂಟರ್ ಸೈನ್ಸ್ ಆರಿಸಿಕೊಂಡಳು. ಅಳಲಿಲ್ಲ, ವಾದಿಸಲಿಲ್ಲ. ಮನೆಗೆ ಬಂದ ಮೇಲೆ ತನ್ನ ಸ್ಕ್ರೂಡ್ರೈವರನ್ನು ತಂದು ನನ್ನ ಹೊಲಿಗೆ ಯಂತ್ರದ ಡ್ರಾಯರಿನಲ್ಲಿಟ್ಟಳು, ಅಷ್ಟೇ. ಆ ಮಾತು ಮತ್ತೆಂದೂ ನಮ್ಮ ಮನೆಯಲ್ಲಿ ಬರಲಿಲ್ಲ.

ಈಗ ಬ್ರೇಕಿನ ಸರದಿ. ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುತ್ತದಂತೆ. ಹಿಂದಿನ ಮಾಲೀಕರ ಷೆಡ್ಡಿನಲ್ಲಿ ವರ್ಷಗಟ್ಟಲೆ ನಿಂತಿದ್ದರಿಂದ ಆ ನೀರಿನಂಶ ಚಕ್ರದ ಹತ್ತಿರದ ಕ್ಯಾಲಿಪರಿನ ಕಬ್ಬಿಣದ ಗೋಡೆಗೆ ತುಕ್ಕು ಹಿಡಿಸಿ, ಸೀಲಿನ ಸಂದಿಯಿಂದ ಆಯಿಲ್ ಸೋರುತ್ತಿತ್ತು. ಕುಕ್ಕರಿನ ಗ್ಯಾಸ್ಕೆಟ್ ಹೊಸದಾದರೇನು, ಅಂಚು ಒರಟಾಗಿದ್ದರೆ ಆವಿ ನಿಂತೀತೇ? ಹಾಗಾಗಿ ಒಳಗೋಡೆಗೆ ಸ್ಟೇನ್‌ಲೆಸ್ ಸ್ಟೀಲಿನ ತೋಳು ಹಾಕಿದ ಕ್ಯಾಲಿಪರುಗಳನ್ನು ತರಿಸಿ ನಾಲ್ಕೂ ಚಕ್ರಕ್ಕೆ ಜೋಡಿಸಿದ್ದಳು. ಉಳಿದದ್ದು ಪೈಪುಗಳಲ್ಲಿ ಹಿಡಿದ ಏರ್ ತೆಗೆಯುವ ಕೆಲಸ. ಅದಕ್ಕೆ ಇಬ್ಬರು ಬೇಕು. ಅಳಿಯಂದಿರು ಒಮ್ಮೆ ಬೋಲ್ಟೊಂದರ ಮರೆ ಹಾಳುಮಾಡಿದ ಮೇಲೆ ಗ್ಯಾರೇಜಿಗೆ ಕೈಮುಗಿದು ಅಡುಗೆಮನೆ ಸೇರಿದ್ದರು.

‘ಅಮ್ಮ, ನೀನೇ ಬಾ.’

ಸೀರೆ ಎತ್ತಿಕಟ್ಟಿ ಒಳಗೆ ತೂರಿಕೊಂಡೆ. ಊಟದ ಮಣೆಯ ಮೇಲೆ ಕಾಲು ಚಾಚಿ ಕೂತ ಹಾಗಾಯಿತು. ಕಾರನ್ನು ಬರೀ ಜಾಕಿನ ಮೇಲೆ ನಂಬಿ ಬಿಡಬಾರದೆಂದು ಉಕ್ಕಿನ ಸ್ಟ್ಯಾಂಡುಗಳ ಮೇಲೆ ನಿಲ್ಲಿಸಿದ್ದಳು. ಆದರೂ ನನ್ನ ಎದೆ ಡವಡವ. ಮುಂದಿನ ಚಕ್ರಕ್ಕೆ ಒಂದೊಂದು, ಹಿಂದಿನದಕ್ಕೆ ಎರಡೆರಡು, ಒಟ್ಟು ಆರು ತಿರುಪುಗಳು. ಬಲ ಹಿಂದಿನ ಚಕ್ರದಿಂದ ಶುರು. ‘ದ್ರವ ಕುಗ್ಗಲ್ಲ, ಗಾಳಿ ಕುಗ್ಗುತ್ತೆ. ಪೈಪಲ್ಲಿ ಗಾಳಿ ಇದ್ರೆ ನೀನು ಎಷ್ಟು ತುಳಿದರೂ ಬಲ ಚಕ್ರ ಮುಟ್ಟಲ್ಲ’ ಎಂದು ಹೇಳಿ ಕೆಳಗೆ ಮರೆಯಾದಳು.

‘ಒತ್ತು.’ ಒತ್ತಿದೆ. ‘ಹಿಡಿ.’ ಹಿಡಿದೆ. ಕೆಳಗೆ ತಿರುಪು ಸಡಿಲಾದದ್ದೇ ತಡ, ಪೆಡಲು ಕುಸಿದು ನೆಲ ಸೇರಿತು. ಏನೋ ಮುರಿಯಿತೆಂದು ಗಾಬರಿಯಾಗಿ ಕಾಲು ತೆಗೆದುಬಿಟ್ಟೆ.

‘ಅಮ್ಮಾ! ಹೇಳೋವರೆಗೂ ಬಿಡಬಾರದು. ಗಾಳಿ ವಾಪಸು ಹೋಗುತ್ತೆ. ಮೊದಲಿಂದ!’

ಮೂವತ್ತು ವರ್ಷದಿಂದ ಏಳನೇ ತರಗತಿಯಲ್ಲಿ ನಾನು ಬಳಸುವ ದನಿ ಅದು. ನನ್ನದೇ ಸರಕು ನನಗೇ ವಾಪಸು ಬಂತು. ಆಮೇಲೆ ನಾನು ಒಳ್ಳೆಯ ವಿದ್ಯಾರ್ಥಿನಿಯಾದೆ. ಒತ್ತು, ಹಿಡಿ, ಬಿಡು. ಬಾಟಲಿಯೊಳಗೆ ಗುಳ್ಳೆಗಳು ಬರುತ್ತಿವೆ ಎಂದು ಕೆಳಗಿನಿಂದ ವರದಿ.

ನಡುವೆ ಕೈ ಒರೆಸಿಕೊಳ್ಳುತ್ತಾ ಒಂದು ಕಥೆ ಹೇಳಿದಳು. 1958ರಲ್ಲಿ ಇದೇ ಕಂಪನಿಯಲ್ಲಿ ರೂತ್ ಗ್ಲೆನಿ ಎಂಬ ವಿನ್ಯಾಸಕಿ ‘ಫ್ಯಾನ್ಸಿ ಫ್ರೀ’ ಎಂಬ ಪ್ರದರ್ಶನದ ಕಾರ್ವೆಟ್ ರೂಪಿಸಿದ್ದಳಂತೆ. ನಾಲ್ಕು ಋತುಗಳಿಗೆ ಬದಲಾಯಿಸುವ ನಾಲ್ಕು ಬಗೆಯ ಸೀಟಿನ ಹೊದಿಕೆಗಳು. ಆಗಿನ ಮಹಿಳಾ ವಿನ್ಯಾಸಕರಿಗೆ ಹೆಚ್ಚಾಗಿ ಸಿಗುತ್ತಿದ್ದದ್ದು ಕಾರಿನ ಒಳಗಿನ ಅಲಂಕಾರದ ಕೆಲಸವೇ. ‘ಬಟ್ಟೆ, ಬಣ್ಣ ಅವರಿಗೆ. ಎಂಜಿನ್ ಕಡೆ ಕರೀತಿರಲಿಲ್ಲ’ ಎಂದು ಮತ್ತೆ ಕೆಳಗೆ ಹೋದಳು. ಚುಚ್ಚಿ ಹೇಳಿದ್ದಲ್ಲ. ಆದರೂ ಚುಚ್ಚಿತು. ಆ ಕಂಪನಿಯವರು ಮಾಡಿದ್ದನ್ನೇ ನಾನು 2009ರಲ್ಲಿ ಮಾಡಿದ್ದೆ, ಅದೂ ಹೆತ್ತ ತಾಯಿಯಾಗಿ.

ಮುಖ ಕಾಣದಿದ್ದರೆ ಕೆಲವು ಮಾತು ಸುಲಭ. ಪೆಡಲನ್ನು ಹಿಡಿದುಕೊಂಡೇ ಹೇಳಿದೆ: ‘ಪುಟ್ಟಿ, ಅವತ್ತು ನಿನ್ನ ಸೀಟು ಬದಲಾಯಿಸಿದ್ದು ನನ್ನ ತಪ್ಪು.’

ಸ್ಪ್ಯಾನರಿನ ಸದ್ದು ನಿಂತಿತು. ಸ್ವಲ್ಪ ಹೊತ್ತಿನ ಮೇಲೆ ಕೆಳಗಿನಿಂದ ದನಿ ಬಂತು. ‘ಬೇಜಾರಾಗಿತ್ತಮ್ಮ. ತುಂಬಾ.’ ಮತ್ತೆ ಸ್ವಲ್ಪ ಹೊತ್ತು. ‘ಬಿಡು.’

ಅದು ಪೆಡಲಿಗೆ ಹೇಳಿದ್ದೋ, ಹಳೆಯ ಮಾತಿಗೆ ಹೇಳಿದ್ದೋ ನನಗಿನ್ನೂ ಗೊತ್ತಿಲ್ಲ. ಕೇಳಲೂ ಇಲ್ಲ. ಕಾಲು ತೆಗೆದೆ.

ಆರನೇ ತಿರುಪು ಮುಗಿಯುವ ಹೊತ್ತಿಗೆ ಪೆಡಲು ಕಲ್ಲಿನಂತೆ ಗಟ್ಟಿಯಾಗಿತ್ತು. ಸಂಜೆ ಇಬ್ಬರೂ ಒಂದು ಸುತ್ತು ಹೋದೆವು. ಅಳಿಯಂದಿರು ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದು ಬೀಳ್ಕೊಟ್ಟರು. ಮೊದಲ ತಿರುವಿನಲ್ಲೇ ಅವಳು ಬ್ರೇಕ್ ಒತ್ತಿದಳು. ಕಾರು ನಿಂತಿತು. ‘ನೋಡಿದೆಯಾ?’ ಎನ್ನುವಂತೆ ನನ್ನ ಕಡೆ ತಿರುಗಿದಳು. ಆ ಮುಖ, ಪೇಪರಿನ ಮೇಲೆ ಮಿಕ್ಸಿಯ ಭಾಗಗಳನ್ನು ಜೋಡಿಸಿಟ್ಟು ತಲೆಯೆತ್ತಿದ ಒಂಬತ್ತು ವರ್ಷದ ಹುಡುಗಿಯದೇ. ಅವತ್ತು ನಾನು ಬೈದಿದ್ದೆ.

ಊರಿಗೆ ಬಂದ ವಾರದಲ್ಲೇ ಹತ್ತನೇ ತರಗತಿ ಪಾಸಾದ ಹುಡುಗಿಯೊಬ್ಬಳ ತಾಯಿ ಸ್ಟಾಫ್ ರೂಮಿಗೆ ಬಂದರು. ‘ಡಿಪ್ಲೊಮಾ ಮೆಕ್ಯಾನಿಕಲ್ಲೇ ಬೇಕು ಅಂತಾಳೆ ಟೀಚರ್. ನೀವಾದರೂ ಸ್ವಲ್ಪ ಬುದ್ಧಿ ಹೇಳಿ’ ಎಂದರು. ಹುಡುಗಿ ಬಾಗಿಲ ಹೊರಗೆ ತಲೆ ತಗ್ಗಿಸಿ ನಿಂತಿದ್ದಳು.

ಅವಳನ್ನು ಅಲ್ಲೇ ಇರಲು ಹೇಳಿ, ತಾಯಿಗೆ ಕುರ್ಚಿ ಎಳೆದು ಕೊಟ್ಟೆ.