ಆಟದ ಮನೆಯ ಆಯವ್ಯಯ

ಗೃಹಸ್ಥನಾದವನಿಗೆ ಜಮಾಖರ್ಚಿನ ಪುಸ್ತಕಕ್ಕಿಂತ ನಿಷ್ಠುರನಾದ ಗುರುವು ಮತ್ತೊಬ್ಬನಿಲ್ಲ. ಮಾತಿನಲ್ಲಿ ಮರೆಮಾಡಬಹುದಾದುದನ್ನು ಅಂಕೆಗಳಲ್ಲಿ ಮರೆಮಾಡಲಾಗದು. ಮನೆಗೆ ಸಲ್ಲುವ ಈ ಮಾತು ವಿದ್ಯಾಲಯಗಳಿಗೂ ಸಲ್ಲುವುದು. ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿನ ಕಿರಿಯ ಕಾಲೇಜುಗಳು ತಮ್ಮ ಆಟಪಾಟಗಳ ವೆಚ್ಚವನ್ನು ಹೇಗೆ ತೂಗಿಸುತ್ತವೆ, ಈಚಿನ ನ್ಯಾಯತೀರ್ಮಾನಗಳಿಂದ ಆ ಲೆಕ್ಕವು ಹೇಗೆ ಏರುಪೇರಾಯಿತು ಎಂಬುದನ್ನು ವಾಚಕರ ಮುಂದಿಡಬೇಕೆಂದು ನಮಗೆ ತೋರಿದೆ. ನಮ್ಮವರ ಮಕ್ಕಳು ಅನೇಕರು ಆ ದೇಶದಲ್ಲಿ ಓದುತ್ತಿರುವುದರಿಂದ ಇದು ಕೇವಲ ದೂರದ ವಾರ್ತೆಯಲ್ಲ.

ನಮ್ಮ ಬಂಧುಗಳ ಮಗಳೊಬ್ಬಳು ಅಲ್ಲಿಯ ಒಂದು ಸಾಧಾರಣ ವಿದ್ಯಾಲಯದಲ್ಲಿ ವ್ಯಾಸಂಗ ಮಾಡುತ್ತಿರುವಳು. ಅವಳ ತಂದೆಯು ಸಾಲವನ್ನೆತ್ತಿ ಹಣ ಕಳುಹಿಸುವವನು. ಅವನು ಒಮ್ಮೆ ಫೀಜಿನ ಪಟ್ಟಿಯನ್ನು ನಮಗೆ ತೋರಿಸಿ, “ಮೇಷ್ಟರೇ, ನನ್ನ ಮಗಳು ಚೆಂಡನ್ನು ಕೈಯಲ್ಲಿ ಹಿಡಿದವಳಲ್ಲ. ಈ ಆಟದ ಶುಲ್ಕವು ಯಾರ ಸಲುವಾಗಿ?” ಎಂದು ಕೇಳಿದನು. ಪ್ರಶ್ನೆಯು ಸಣ್ಣದಾಗಿ ಕಂಡರೂ ವಿಷಯದ ಬೇರು ಅದರಲ್ಲಿಯೇ ಇರುವುದು.

ಅಲ್ಲಿಯ ಕಾಲೇಜು ಆಟಗಳನ್ನು ಆಳುವ ಸಂಘವು 1906ರಲ್ಲಿ ಹುಟ್ಟಿತು. ಎನ್‌.ಸಿ.ಎ.ಎ. ಎಂದು ಪ್ರಸಿದ್ಧವಾದ ಈ ಸಂಘದಲ್ಲಿ ಸುಮಾರು 1,100 ವಿದ್ಯಾಸಂಸ್ಥೆಗಳು ಮೂರು ಶ್ರೇಣಿಗಳಾಗಿ ಸೇರಿಕೊಂಡಿವೆ. ಪ್ರಥಮ ಶ್ರೇಣಿಯಲ್ಲಿರುವ 350ಕ್ಕೂ ಮಿಕ್ಕ ಸಂಸ್ಥೆಗಳಲ್ಲಿ ಕೆಲವು ಡಜನ್ ಮಾತ್ರ ಟೆಲಿವಿಷನ್ನಿನಿಂದಲೂ ಟಿಕೀಟುಗಳಿಂದಲೂ ಕೋಟಿಗಟ್ಟಲೆ ಗಳಿಸತಕ್ಕವು. ಉಳಿದವು ಅದೇ ಪಂಕ್ತಿಯಲ್ಲಿ ಕುಳಿತರೂ ಅವುಗಳ ಎಲೆಗೆ ಬೀಳುವ ಅನ್ನವು ಬೇರೆ. ಅವುಗಳಲ್ಲಿ ಅನೇಕವು ಆಟದ ಖರ್ಚಿನ ಅರ್ಧಕ್ಕೂ ಹೆಚ್ಚನ್ನು ವಿದ್ಯಾರ್ಥಿಗಳ ಫೀಜಿನಿಂದಲೂ ಕಾಲೇಜಿನ ಸಾಮಾನ್ಯ ನಿಧಿಯಿಂದಲೂ ತುಂಬಿಸುತ್ತವೆ. ನಮ್ಮ ಬಂಧುವಿನ ಪ್ರಶ್ನೆಗೆ ಉತ್ತರವು ಇದೇ: ಆಡದವರ ಹಣದಿಂದ ಆಡುವವರ ಆಟವು ನಡೆಯುತ್ತದೆ.

ಎರಡನೆಯ ಆದಾಯವು ವಿಚಿತ್ರವಾದುದು. ದೊಡ್ಡ ವಿದ್ಯಾಲಯವು ತನ್ನ ಮೈದಾನಕ್ಕೆ ಸಣ್ಣದನ್ನು ಗೊತ್ತಾದ ಹಣಕ್ಕೆ ಕರೆಸಿಕೊಳ್ಳುವುದು. ಬಂದವರು ಸೋತು ಹೋಗುವರೆಂಬುದು ಉಭಯರಿಗೂ ತಿಳಿದ ಸಂಗತಿ. ಆದರೂ ದೈವವು ಒಮ್ಮೊಮ್ಮೆ ನಗುವುದು. 2007ರ ಸೆಪ್ಟೆಂಬರ್ 1ರಂದು ಅಪಲೇಶಿಯನ್ ಸ್ಟೇಟ್ ಎಂಬ ಸಂಸ್ಥೆಯ ಫುಟ್‌ಬಾಲ್ ತಂಡವು 4 ಲಕ್ಷ ಡಾಲರುಗಳಿಗೆ ಮಿಷಿಗನ್ನಿಗೆ ಹೋಗಿ, ಲಕ್ಷ ಜನರೆದುರಿಗೆ 34–32ರಿಂದ ಗೆದ್ದು, ಹಣವನ್ನೂ ಕೀರ್ತಿಯನ್ನೂ ಮನೆಗೆ ತಂದಿತು. 2024ರಲ್ಲಿ ನಾರ್ದರ್ನ್ ಇಲಿನಾಯ್ ತಂಡವು 14 ಲಕ್ಷ ಡಾಲರುಗಳನ್ನು ಪಡೆದು ನೋಟರ್ ಡೇಮ್ ತಂಡವನ್ನು 16–14ರಿಂದ ಸೋಲಿಸಿತು. ಇವು ಅಪೂರ್ವಗಳು. ಸಾಮಾನ್ಯವಾಗಿ ಯುವಕರು ಪೆಟ್ಟು ತಿಂದು ಬರುವರು, ಆ ಹಣದಿಂದ ಈಜುವವರಿಗೂ ಓಡುವವರಿಗೂ ಪ್ರಯಾಣದ ಖರ್ಚು ಒದಗುವುದು.

ಮೂರನೆಯದು ವಸಂತಕಾಲದ ಬಾಸ್ಕೆಟ್‌ಬಾಲ್ ಪಂದ್ಯಾವಳಿಯಿಂದ ಬರುವ ಪಾಲು. ಅದನ್ನು ತಂಡವು ಸೇರಿದ ಕೂಟಕ್ಕೆ ಆರು ವರ್ಷಗಳ ಕಂತುಗಳಲ್ಲಿ ಕೊಡುವ ಪದ್ಧತಿಯುಂಟು. ನಾಲ್ಕನೆಯದು ಹಳೆಯ ವಿದ್ಯಾರ್ಥಿಗಳ ದಾನ. ತೃತೀಯ ಶ್ರೇಣಿಯ ದಾರಿಯೇ ಬೇರೆ. ಅಲ್ಲಿ ಆಟಕ್ಕೆಂದು ವಿದ್ಯಾರ್ಥಿವೇತನವನ್ನು ಕೊಡಕೂಡದು. ಆಡುವ ಆಸೆಯಿಂದ ಸೇರಿದ ಹುಡುಗನು ತಾನೇ ಫೀಜನ್ನು ತೆರುವುದರಿಂದ ಅಲ್ಲಿಯ ಸಣ್ಣ ಕಾಲೇಜುಗಳಿಗೆ ಆಟವು ಹೊರೆಯಾಗುವುದಕ್ಕೆ ಬದಲು ಜೀವನೋಪಾಯವಾಗಿರುವುದೂ ಉಂಟು.

ಇನ್ನು ಕಾನೂನಿನ ಸಂಗತಿ. ವ್ಯಾಕರಣದಲ್ಲಿ ಸಾಮಾನ್ಯ ವಿಧಿಗೆ ಉತ್ಸರ್ಗವೆಂದೂ, ಅದನ್ನು ಅಲ್ಲಲ್ಲಿ ತಡೆಯುವ ವಿಶೇಷ ವಿಧಿಗೆ ಅಪವಾದವೆಂದೂ ಹೆಸರು. ಆಟಗಾರನು ಹಣವನ್ನು ಮುಟ್ಟಕೂಡದೆಂಬುದು ಅಲ್ಲಿ ಬಹುಕಾಲ ಉತ್ಸರ್ಗವಾಗಿದ್ದಿತು, ವಿದ್ಯಾರ್ಥಿವೇತನವು ಅಪವಾದ. 2021ರ ಜೂನ್ 21ರಂದು ಸುಪ್ರೀಂ ಕೋರ್ಟಿನ ಒಂಬತ್ತು ಮಂದಿ ನ್ಯಾಯಾಧೀಶರೂ ಏಕಮತದಿಂದ, ವಿದ್ಯೆಗೆ ಸಂಬಂಧಪಟ್ಟ ಸಹಾಯಕ್ಕೆ ಸಂಘವು ಹಾಕಿದ್ದ ಮಿತಿಯು ಕಾಯಿದೆಗೆ ವಿರುದ್ಧವೆಂದರು. ಮರುತಿಂಗಳಿಂದ ಆಟಗಾರನು ತನ್ನ ಹೆಸರನ್ನೂ ಮುಖಚಿತ್ರವನ್ನೂ ಜಾಹೀರಾತಿಗೆ ಕೊಟ್ಟು ಸಂಪಾದಿಸುವುದಕ್ಕೆ ಬಾಗಿಲು ತೆರೆಯಿತು. 2025ರ ಜೂನ್ 6ರಂದು ಕ್ಯಾಲಿಫೋರ್ನಿಯಾದ ನ್ಯಾಯಾಧೀಶೆ ಕ್ಲಾಡಿಯಾ ವಿಲ್ಕೆನ್ ಅವರು ಒಂದು ದೊಡ್ಡ ರಾಜಿಗೆ ಸಮ್ಮತಿಯನ್ನಿತ್ತರು. ಅದರಂತೆ 2016ರಿಂದ ಆಡಿದವರಿಗೆ ಹಿಂದಣ ಬಾಬ್ತು ಸುಮಾರು 280 ಕೋಟಿ ಡಾಲರುಗಳು ಸಲ್ಲತಕ್ಕದ್ದು. ಮುಂದಕ್ಕೆ ಒಪ್ಪಿದ ವಿದ್ಯಾಲಯವು ಆಟಗಾರರಿಗೆ ನೇರವಾಗಿ ಹಣವನ್ನು ಹಂಚಬಹುದು. ಮೊದಲ ವರ್ಷಕ್ಕೆ ಅದರ ಮಿತಿಯು ಸುಮಾರು 2 ಕೋಟಿ 5 ಲಕ್ಷ ಡಾಲರುಗಳು. ಹೀಗೆ ಅಪವಾದವು ಬೆಳೆದು ಉತ್ಸರ್ಗವನ್ನೇ ನುಂಗಿತು.

ಬೆವರು ಸುರಿಸಿದವನಿಗೆ ಕೂಲಿ ಸಲ್ಲಬೇಕೆಂಬುದರಲ್ಲಿ ನಮಗೆ ಸಂದೇಹವಿಲ್ಲ. ಪರರು ಅವನ ಆಟದಿಂದ ಕೋಟಿಗಳನ್ನು ಗಳಿಸುತ್ತ ಅವನಿಗೆ ಮಾತ್ರ ವೈರಾಗ್ಯವನ್ನು ಬೋಧಿಸುವುದು ಧರ್ಮವಲ್ಲ. ಆದರೆ ಋಣವನ್ನು ತೀರಿಸುವವರು ಯಾರು? ದಾವೆಯಲ್ಲಿ ಪ್ರತಿವಾದಿಗಳಾಗಿದ್ದವರು ಸಂಘವೂ ಐದು ಹಿರಿಯ ಕೂಟಗಳೂ ಮಾತ್ರ. ಹಿಂದಣ ಬಾಕಿಯ ಬಹುಭಾಗವನ್ನಾದರೋ ಸಂಘವು ಪ್ರಥಮ ಶ್ರೇಣಿಯವರೆಲ್ಲರಿಗೆ ಹಂಚುತ್ತಿದ್ದ ಪಾಲಿನಿಂದ ಹತ್ತು ವರ್ಷ ಮುರಿದುಕೊಳ್ಳುವುದೆಂದು ಏರ್ಪಾಟಾಯಿತು. ಔತಣವನ್ನು ಉಂಡವರು ಕೆಲವರು, ಅದರ ಸಾಲದ ಕಂತು ಕೇರಿಗೆಲ್ಲ ಬಂದಂತಾಯಿತು.

ಫಲವು ಬೇಗನೆ ಕಂಡಿತು. ಕ್ಯಾಲಿಫೋರ್ನಿಯಾದ ಕ್ಯಾಲ್ ಪಾಲಿ ಎಂಬ ಸಂಸ್ಥೆಯು 2025ರ ಮಾರ್ಚಿಯಲ್ಲಿಯೇ, ಈ ರಾಜಿಯಿಂದ ಬರಲಿರುವ ನಷ್ಟವನ್ನೂ ಒಂದು ಕಾರಣವಾಗಿ ಹೇಳಿ, ಈಜುವ ತಂಡಗಳನ್ನು ಮುಚ್ಚಿತು. ಅದೇ ತಿಂಗಳು ಪೆನ್ಸಿಲ್ವೇನಿಯಾದ ಲೊರೆಟೊ ಎಂಬ ಸಣ್ಣ ಊರಿನ ಸೇಂಟ್ ಫ್ರಾನ್ಸಿಸ್ ವಿಶ್ವವಿದ್ಯಾನಿಲಯದ ಬಾಸ್ಕೆಟ್‌ಬಾಲ್ ತಂಡವು 34 ವರ್ಷಗಳ ತರುವಾಯ ರಾಷ್ಟ್ರೀಯ ಪಂದ್ಯಾವಳಿಗೆ ಏರಿ, ಎರಡೇ ಅಂಕಗಳ ಅಂತರದಿಂದ ಸೋತಿತು. ಅದಾದ ಒಂದು ವಾರಕ್ಕೆ ವಿಶ್ವವಿದ್ಯಾನಿಲಯವು ತಾನು ತೃತೀಯ ಶ್ರೇಣಿಗೆ ಇಳಿಯುವುದಾಗಿ ಪ್ರಕಟಿಸಿತು.

ಇದನ್ನು ಅವಮಾನವೆಂದು ನಗುವವರು ಇರಬಹುದು. ಹಾಸಿಗೆ ಇದ್ದಷ್ಟು ಕಾಲು ಚಾಚುವುದನ್ನು ನಾವು ವಿವೇಕವೆಂದೇ ಎಣಿಸುತ್ತೇವೆ. ನೆರೆಮನೆಯವನು ಮೂರು ಅಂತಸ್ತು ಕಟ್ಟಿದನೆಂದು ಮಕ್ಕಳ ಪುಸ್ತಕದ ದುಡ್ಡಿನಿಂದ ಮಹಡಿಯನ್ನೆಬ್ಬಿಸುವ ಯಜಮಾನನನ್ನು ಯಾರು ಹೊಗಳುವರು? ಆದರೆ ಈ ವಿವೇಕಕ್ಕೂ ಒಂದು ಬೆಲೆಯುಂಟು. ಚುರುಕಾದ ಕಾಲುಗಳ ಹೊರತು ಬೇರೆ ಆಸ್ತಿಯಿಲ್ಲದ ಬಡ ಹುಡುಗಿಯೊಬ್ಬಳಿಗೆ ಆಟದ ವಿದ್ಯಾರ್ಥಿವೇತನವೇ ವಿದ್ಯೆಯ ಬಾಗಿಲಾಗಿದ್ದಿತು. ಆ ಬಾಗಿಲು ಮುಚ್ಚಿದುದು ಯಾವ ಲೆಕ್ಕದ ಪುಸ್ತಕದಲ್ಲಿಯೂ ಖರ್ಚಾಗಿ ಕಾಣಿಸದು. ಮೂವತ್ತು ವರ್ಷಗಳಿಗೂ ಮಿಕ್ಕು ಪಾಠ ಹೇಳಿದ ನಮಗೆ ಅದೇ ಎಲ್ಲಕ್ಕಿಂತ ದೊಡ್ಡ ಖರ್ಚಾಗಿ ತೋರುವುದು.

ಇಳಿಯಲೊಲ್ಲದ ಕಾಲೇಜುಗಳಿಗೆ ಉಳಿದ ದಾರಿಗಳು ಕೆಲವೇ: ಫೀಜನ್ನು ಏರಿಸುವುದು, ಕೆಲವು ಆಟಗಳನ್ನು ಕೈಬಿಡುವುದು, ಹಣಕ್ಕಾಗಿ ಇನ್ನಷ್ಟು ಪೆಟ್ಟು ತಿನ್ನಹೋಗುವುದು. ಇವುಗಳಲ್ಲಿ ಮೊದಲನೆಯದು ಬಹು ಸುಲಭ; ಕೊಡುವವನು ಕೇಳುವುದಿಲ್ಲವಷ್ಟೆ! ಈ ಅಪಾಯವನ್ನು ಕಂಡೇ ವರ್ಜೀನಿಯಾ ಸಂಸ್ಥಾನವು 2015ರಲ್ಲಿ, ಸರಕಾರಿ ಕಾಲೇಜುಗಳು ಆಟದ ವೆಚ್ಚಕ್ಕೆ ಫೀಜಿನಿಂದಲೂ ಸಾಮಾನ್ಯ ನಿಧಿಯಿಂದಲೂ ಎತ್ತಬಹುದಾದ ಪಾಲಿಗೆ ಶಾಸನದಿಂದ ಮಿತಿಯನ್ನು ಹಾಕಿತು. ಅದು ಅನುಕರಣೀಯವಾದುದು.

ನಮ್ಮ ಬಂಧುವಿಗೆ ನಾವು ಹೇಳಿದುದನ್ನೇ ವಾಚಕರಿಗೂ ಹೇಳುವೆವು. ಮಕ್ಕಳನ್ನು ಅಲ್ಲಿಗೆ ಕಳುಹಿಸುವಾಗ ಫೀಜಿನ ಮೊತ್ತವನ್ನು ಮಾತ್ರವಲ್ಲದೆ ಅದರ ಸಾಲುಗಳನ್ನೂ ಓದಿರಿ. ಆಟದ ಶುಲ್ಕವೆಷ್ಟು, ಹೋದ ವರ್ಷ ಎಷ್ಟಿದ್ದಿತು ಎಂದು ವಿನಯದಿಂದ ಪತ್ರ ಬರೆದು ಕೇಳಿರಿ. ಆಡದವನು ಆಡುವವನಿಗಾಗಿ ಒಂದು ಕಾಸನ್ನು ಕೊಡುವುದರಲ್ಲಿ ದೋಷವಿಲ್ಲ. ವಿದ್ಯಾಲಯವೂ ಒಂದು ಕುಟುಂಬವೇ. ಕೊಡುವವನಿಗೆ ತಾನು ಕೊಡುತ್ತಿರುವೆನೆಂಬುದು ತಿಳಿದಿರಬೇಕು, ಇಷ್ಟೇ ನ್ಯಾಯ.