ಆಮೆಯ ಕೆಳಗೆ ನಾನು ಬರೆಸಿದ ಪದ

ಹಾಸನದಲ್ಲಿ ಜಿಲ್ಲಾ ಮಟ್ಟದ ವಿಜ್ಞಾನ ವಸ್ತುಪ್ರದರ್ಶನ. ನನ್ನ ಹತ್ತನೇ ಕ್ಲಾಸಿನ ಹುಡುಗಿ ತಾನೇ ಬರೆದ ಚಾರ್ಟಿನ ಪಕ್ಕ ಕೋಲು ಹಿಡಿದು ನಿಂತಿದ್ದಳು. ತಲೆಬರಹ, ‘ದಶಾವತಾರ ಮತ್ತು ಜೀವವಿಕಾಸ’. ಮತ್ಸ್ಯ ಅಂದರೆ ಮೀನು, ಕೂರ್ಮ ಅಂದರೆ ಉಭಯವಾಸಿ, ವರಾಹ ಅಂದರೆ ಸಸ್ತನಿ, ನರಸಿಂಹ ಅಂದರೆ ಮೃಗ ಮನುಷ್ಯನಾಗುವ ಹಂತ, ವಾಮನ ಅಂದರೆ ಕುಳ್ಳ ಆದಿಮಾನವ. ಒಂದೊಂದು ಸಾಲೂ ನಾನು ಹೇಳಿ ಬರೆಸಿದ್ದು.

ತೀರ್ಪುಗಾರರು ಬಂದರು. ವಯಸ್ಸಾದವರು, ಮೆಲುದನಿಯವರು.

“ಉಭಯವಾಸಿಯ ಚರ್ಮ ಹೇಗಿರುತ್ತಮ್ಮ?”

“ಒದ್ದೆ ಇರುತ್ತೆ ಸಾರ್.”

“ಮೊಟ್ಟೆ?”

“ನೀರಲ್ಲಿ ಇಡುತ್ತೆ ಸಾರ್.”

“ಆಮೆ?”

ಅವಳು ಬಾಯಿ ತೆರೆದವಳು ಹಾಗೇ ನಿಂತಳು. ಆಮೆ ದಡದ ಮಣ್ಣು ತೋಡಿ ಮೊಟ್ಟೆಯಿಡುವುದು ಕೆರೆ ಬದಿಯಲ್ಲಿ ಬೆಳೆದ ಹುಡುಗಿಗೆ ಗೊತ್ತಿಲ್ಲದ್ದಲ್ಲ. “ಹಾಗಾದ್ರೆ ಮನುಷ್ಯ ಬಂದಿದ್ದು ಸಿಂಹದಿಂದಲಾ?” ಎಂದು ಅವರು ಕೇಳಿದಾಗ ತಿರುಗಿ ನನ್ನನ್ನು ನೋಡಿದಳು. ನಾನು ಪಕ್ಕದ ಮಳಿಗೆಯ ಕಡೆ ಮುಖ ಮಾಡಿಕೊಂಡೆ.

ವಾಪಸು ಬರುವಾಗ ಬಸ್ಸು ಹಾರನಹಳ್ಳಿ ದಾಟಿದ ಮೇಲೆ ಕೇಳಿದಳು: “ಸಾರ್, ಆಮೆ ಉಭಯವಾಸಿ ಅಲ್ಲ ಅಂತ ನಿಮಗೆ ಮೊದ್ಲೇ ಗೊತ್ತಿತ್ತಾ?”

ಅದೇ ವರ್ಷ ಒಂಬತ್ತನೇ ಕ್ಲಾಸಿಗೆ ಪಾಠ ಮಾಡುವಾಗ ಆಮೆಯನ್ನು ಹಾವು, ಹಲ್ಲಿ, ಮೊಸಳೆಯ ಜೊತೆ ಸರೀಸೃಪಗಳ ಸಾಲಿನಲ್ಲಿ ಬೋರ್ಡಿನ ಮೇಲೆ ಬರೆದಿದ್ದವನು ನಾನು. “ಆ ತೀರ್ಪುಗಾರರು ಸ್ವಲ್ಪ ಬಿಗಿ ಕಣವ್ವ” ಎಂದೆ. ಅರಸೀಕೆರೆ ಬರುವವರೆಗೂ ಅವಳು ಮಾತಾಡಲಿಲ್ಲ.

ಆ ಚಾರ್ಟಿನ ಮೂಲ ಹಿಂದಿನ ವರ್ಷದ ಒಂದು ಮಧ್ಯಾಹ್ನದಲ್ಲಿತ್ತು. ಒಬ್ಬ ತಂದೆ ಸ್ಟಾಫ್ ರೂಮಿಗೆ ಬಂದು, “ನನ್ ಮಗ ಕೋತಿಯಿಂದ ಬಂದೋನು ಅಂತ ಹೇಳ್ಕೊಡ್ತೀರಂತಲ್ಲ ಮೇಷ್ಟ್ರೇ” ಎಂದರು. ಸಿಟ್ಟಿಗಿಂತ ನೋವೇ ಹೆಚ್ಚಿತ್ತು ಆ ಮಾತಿನಲ್ಲಿ. ಇವತ್ತಿನ ಕೋತಿಯಿಂದ ಯಾರೂ ಬಂದಿಲ್ಲ, ನಮಗೂ ಚಿಂಪಾಂಜಿಗೂ ಒಬ್ಬರೇ ಪೂರ್ವಜರಿದ್ದರು, ಆ ಎರಡು ಕವಲು ಬೇರೆಯಾಗಿ ಸುಮಾರು 60–70 ಲಕ್ಷ ವರ್ಷವಾಯಿತು ಎಂದು ಹೇಳಬಹುದಿತ್ತು. ಅವರು ತೆಂಗಿನ ತೋಟದವರು. ಬೀಜದ ಕಾಯಿಗೆ ಯಾವ ಮರ ಆಗುತ್ತದೆ, ಯಾವುದು ಆಗುವುದಿಲ್ಲ ಎಂದು ನೋಡಿದ ಕೂಡಲೇ ಹೇಳುವವರು. ತಲೆಮಾರುಗಟ್ಟಲೆ ಆರಿಸುತ್ತಾ ಹೋದರೆ ತಳಿ ಹೇಗೆ ಬದಲಾಗುತ್ತದೆಂದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಮಾತು ಅಲ್ಲಿಂದ ಶುರುಮಾಡಿದ್ದರೆ ಸಾಕಿತ್ತು. ಆದರೆ ನಾನು ಆ ಪಾಠವನ್ನು ಪರೀಕ್ಷೆಗಾಗಿ ಓದಿದ್ದವನು, ಪರೀಕ್ಷೆಗಾಗಿಯೇ ಹೇಳಿಕೊಡುತ್ತಿದ್ದವನು. “ಡಾರ್ವಿನ್ ಹೇಳಿದ್ದು ನಮ್ಮ ದಶಾವತಾರದಲ್ಲೇ ಇದೆ” ಎಂದುಬಿಟ್ಟೆ. ಅವರ ಮುಖ ಅರಳಿತು. ಇಬ್ಬರಿಗೂ ಒಪ್ಪುವ ದಾರಿ ಸಿಕ್ಕಿತೆಂದು ನಾನೂ ನಂಬಿದೆ.

ಡಾರ್ವಿನ್ನನ ಪುಸ್ತಕ ಬಂದದ್ದು 1859ರಲ್ಲಿ. ಅವತಾರಗಳನ್ನು ವಿಕಾಸದ ಮೆಟ್ಟಿಲುಗಳಂತೆ ಜೋಡಿಸಿ ತೋರಿಸಿದ, ಬ್ಲಾವಟ್ಸ್ಕಿ ಎಂಬ ಲೇಖಕಿಯ ಪುಸ್ತಕ 1877ರದು. ಉತ್ತರ ಗೊತ್ತಾದ ಮೇಲೆ ಕೂಡಿಸಿದ ಲೆಕ್ಕ ಅದು. 2019ರಲ್ಲಿ ಜಲಂಧರದ ಭಾರತೀಯ ವಿಜ್ಞಾನ ಕಾಂಗ್ರೆಸ್ಸಿನ ವೇದಿಕೆಯಿಂದ ವಿಶ್ವವಿದ್ಯಾಲಯವೊಂದರ ಕುಲಪತಿಯೇ ಅದನ್ನು ಹೇಳಿದಾಗ, ನನ್ನ ದನಿಯನ್ನೇ ಕೇಳಿದಂತಾಗಿ ಟೀವಿ ಆರಿಸಿದೆ.

ಪ್ರತಿ ವರ್ಷ ಮಕ್ಕಳನ್ನು ಜಾವಗಲ್ ಮೇಲೆ ಹಳೇಬೀಡು, ಬೇಲೂರಿಗೆ ಪ್ರವಾಸ ಕರೆದೊಯ್ಯುತ್ತಿದ್ದೆ. ಬೇಲೂರಿನ ನರಸಿಂಹನ ಮುಂದೆ, ಹಳೇಬೀಡಿನ ತ್ರಿವಿಕ್ರಮನ ಮುಂದೆ ನಿಲ್ಲಿಸಿ ಅದೇ ಪಾಠ ಹೇಳುತ್ತಿದ್ದೆ. ಪ್ರದರ್ಶನವಾದ ಮುಂದಿನ ವರ್ಷ ಹೊಯ್ಸಳೇಶ್ವರ ಗುಡಿಯ ಜಗತಿಯ ಮೇಲೆ ಮಕ್ಕಳ ಹಿಂದೆ ನಡೆಯುತ್ತಿದ್ದಾಗ ಬಾಯಿಗೆ ಮಾತು ಬರಲಿಲ್ಲ. ಗೋಡೆಯ ಪಟ್ಟಿಕೆಗಳನ್ನು ಕೆಳಗಿನಿಂದ ಎಣಿಸುತ್ತಾ ಹೋದೆ: ಆನೆ, ಸಿಂಹ, ಬಳ್ಳಿ, ಕುದುರೆ, ಮತ್ತೆ ಬಳ್ಳಿ, ಪುರಾಣದ ಕಥೆಗಳು, ಅದರ ಮೇಲೆ ಮಕರ, ಕೊನೆಗೆ ಹಂಸ. ಗೈಡು ಮಕರದ ಅಂಗಗಳನ್ನು ಬಿಡಿಸಿ ಹೇಳುತ್ತಿದ್ದರು. ಬಾಯಿ ಮೊಸಳೆಯದು, ಸೊಂಡಿಲು ಆನೆಯದು, ಕಾಲು ಸಿಂಹದ್ದು, ಬಾಲ ನವಿಲಿನದು.

ಅಷ್ಟು ವರ್ಷ ನೋಡಿದ್ದ ಮಕರದಲ್ಲಿ ಅವತ್ತು ನನ್ನ ಪಾಠ ಕಂಡಿತು. ಶಿಲ್ಪಿಗೆ ಯಾವ ಪ್ರಾಣಿಯ ಯಾವ ಅಂಗವನ್ನಾದರೂ ತಂದು ಜೋಡಿಸುವ ಸ್ವಾತಂತ್ರ್ಯವಿದೆ. ಜೀವಲೋಕದಲ್ಲಿ ಹುಡುಕಿದರೆ ಮಕರ ಸಿಗುವುದಿಲ್ಲ. ಬಾವಲಿಗೆ ರೆಕ್ಕೆಯಿದೆ, ಒಂದು ಗರಿಯೂ ಇಲ್ಲ. ಆ ರೆಕ್ಕೆಯ ಒಳಗಿರುವುದು ನಮ್ಮ ಕೈಯ ಮೂಳೆಗಳೇ, ಉದ್ದವಾಗಿ ಎಳೆದ ಬೆರಳುಗಳೇ. ತಿಮಿಂಗಿಲ ಸಮುದ್ರದಲ್ಲೇ ಹುಟ್ಟಿ ಅಲ್ಲೇ ಸಾಯುತ್ತದೆ, ಆದರೂ ಮೀನಿನ ಕಿವಿರು ಅದಕ್ಕೆ ಬಂದಿಲ್ಲ. ಉಸಿರಿಗಾಗಿ ಮೇಲೆ ಬರಲೇಬೇಕು. ಒಂದೊಂದು ಜೀವಿಯನ್ನೂ ಬೇರೆಬೇರೆಯಾಗಿ ಕಡೆದಿದ್ದರೆ ಈ ಕಟ್ಟು ಯಾಕೆ? ಅಪ್ಪ ಅಮ್ಮನಿಂದ ಬಂದದ್ದನ್ನೇ ತಿದ್ದಿಕೊಳ್ಳಬೇಕು, ನೆರೆಮನೆಯಿಂದ ತರುವಂತಿಲ್ಲ ಎಂಬ ವಂಶದ ಕಟ್ಟು ಅದು. ಆನೆಯ ಸೊಂಡಿಲು, ನವಿಲಿನ ಗರಿ ಎರಡೂ ಇರುವ ಒಂದೇ ಒಂದು ಪ್ರಾಣಿ ನಾಳೆ ಸಿಕ್ಕರೆ ಡಾರ್ವಿನ್ ಸೋಲುತ್ತಾನೆ. ಸೋಲುವ ಅವಕಾಶ ಇಟ್ಟುಕೊಂಡೇ ನಿಂತಿರುವುದರಿಂದ ಆ ಕಟ್ಟನ್ನು ಸಾಕ್ಷಿ ಅನ್ನುತ್ತೇವೆ.

ಮೀನಿಗೂ ನಾಲ್ಕು ಕಾಲಿನ ಪ್ರಾಣಿಗೂ ನಡುವಿನ ಜೀವಿಯನ್ನು ಹುಡುಕಿದವರು ಕೆನಡಾದ ಉತ್ತರದ ತುದಿಯ ಎಲ್ಸ್‌ಮಿಯರ್ ದ್ವೀಪಕ್ಕೆ ಹೋದದ್ದು, ಬೇಕಾದ ವಯಸ್ಸಿನ ಬಂಡೆ ಅಲ್ಲಿದೆ ಎಂಬ ಲೆಕ್ಕದ ಮೇಲೆ. ಬರಿಗೈಯಲ್ಲಿ ಮರಳಿದ ವರ್ಷಗಳೂ ಇದ್ದವು. 2004ರಲ್ಲಿ ಟಿಕ್ಟಾಲಿಕ್ ಎಂಬ ಜೀವಿಯ ಪಳೆಯುಳಿಕೆ ಸಿಕ್ಕಿತು. ಸುಮಾರು 37.5 ಕೋಟಿ ವರ್ಷ ಹಳೆಯದು. ಮೀನಿನ ಹುರುಪೆ, ಅದರ ಜೊತೆಗೆ ಕುತ್ತಿಗೆ, ಮಣಿಕಟ್ಟಿನ ಮೂಳೆ. ನನ್ನ ಚಾರ್ಟಿಗೆ ಇಂಥ ಪರೀಕ್ಷೆಯೇ ಇರಲಿಲ್ಲ. ಆಮೆ ಹೊಂದದಿದ್ದಾಗ ಆಮೆಯ ಜಾತಿಯನ್ನೇ ಬದಲಿಸಿದೆ. ಬೇಲೂರಿನಲ್ಲಿ ಶಿಲ್ಪಿ ದಾಸೋಜ, ಅವನ ಮಗ ಚಾವಣ ತಮ್ಮ ಹೆಸರು ಕೆತ್ತಿಟ್ಟು ಹೋಗಿದ್ದಾರೆ. ಅವರ ಕಾಲದವರು ಭಕ್ತಿಯಿಂದ ಕಡೆದ ನರಸಿಂಹನನ್ನು ಪ್ರಾಣಿಶಾಸ್ತ್ರದ ಸಾಕ್ಷಿಗೆ ಎಳೆದು ತಂದು ಅವರಿಗೂ ಅನ್ಯಾಯ ಮಾಡಿದೆ.

2023ರಲ್ಲಿ ಎನ್‌ಸಿಇಆರ್‌ಟಿ ಹತ್ತನೇ ತರಗತಿಯ ಪುಸ್ತಕದಿಂದ ಜೀವವಿಕಾಸದ ಭಾಗವನ್ನು ಕೈಬಿಟ್ಟದ್ದು ಸುದ್ದಿಯಾಯಿತು. 1,800ಕ್ಕೂ ಹೆಚ್ಚು ವಿಜ್ಞಾನಿಗಳು, ಶಿಕ್ಷಕರು ವಿರೋಧಿಸಿ ಪತ್ರ ಬರೆದರು. ಅವರು ಬರೆದದ್ದು ಸರಿ ಎಂದು ಪೂರ್ತಿ ಮನಸ್ಸಿನಿಂದ ಹೇಳುತ್ತೇನೆ. ಪುಸ್ತಕದಲ್ಲಿ ಆ ಪಾಠ ಇದ್ದ ಕಾಲದಲ್ಲೇ ನಾನು ಅದನ್ನು ಮಕ್ಕಳಿಗೆ ಮುಟ್ಟಿಸಲಿಲ್ಲ ಎಂಬುದನ್ನೂ ಹೇಳಲೇಬೇಕು.

ಆಮೇಲಿನ ಬ್ಯಾಚುಗಳಿಗೆ ಮಕರದ ಮುಂದೆ ನಿಲ್ಲಿಸಿ ಪಾಠ ಹೇಳಿದೆ. ಆ ಹುಡುಗಿಗೆ ಮಾತ್ರ ಹೇಳಿಲ್ಲ. ಅವಳು ಪಿಯುಸಿಯಲ್ಲಿ ವಿಜ್ಞಾನ ತೆಗೆದುಕೊಳ್ಳಲಿಲ್ಲ. ಯಾಕೆ ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ.

ಚಾರ್ಟು ನನ್ನ ಬೀರುವಿನಲ್ಲಿದೆ. ಹೋದ ತಿಂಗಳು ಬಿಚ್ಚಿ ನೋಡಿದೆ. ಅವಳು ಆಮೆಯನ್ನು ಕೆರೆಯ ಹತ್ತಿರ ಕೂತು ನೋಡಿಯೇ ಬರೆದಿರಬೇಕು. ಚಿಪ್ಪಿನ ನಡುವೆ ಐದು ಫಲಕ, ಅಕ್ಕಪಕ್ಕ ನಾಲ್ಕು ನಾಲ್ಕು. ಕಾಲಿನ ಮೇಲೆ ಒಣ ಹುರುಪೆ, ಒಂದೊಂದನ್ನೂ ಪೆನ್ಸಿಲಿನಲ್ಲಿ ಬಿಡಿಬಿಡಿಯಾಗಿ ತೀಡಿದ್ದಾಳೆ. ಅದರ ಕೆಳಗೆ, ದುಂಡು ಅಕ್ಷರದಲ್ಲಿ, ನಾನು ಹೇಳಿ ಬರೆಸಿದ ‘ಉಭಯವಾಸಿ’.